ಇರುಳು ಎರಡೂವರೆಯ ಪ್ರಕಟಣೆ: ಮಯಾಮಿಯ ಹರಿಕೇನ್ ಕೇಂದ್ರದ ಸೇವೆ, ತೀರ್ಥಹಳ್ಳಿಯ ತೋಟದ ಮನೆಯಿಂದ

ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ತೋಟದ ಮನೆಯಲ್ಲಿ ಕುಳಿತು ಅಮೆರಿಕದ ಚಂಡಮಾರುತ ಮುನ್ಸೂಚನೆಯ ಗುಣದೋಷ ವಿಚಾರಿಸುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ನನ್ನ ಮಗಳ ಸಂಸಾರ ಫ್ಲಾರಿಡಾದ ಟೈಟಸ್‌ವಿಲ್‌ನಲ್ಲಿದೆ. ಆ ಊರಿನವರು ಇಂಡಿಯನ್ ರಿವರ್ ಎಂದು ಕರೆಯುವ ಹಿನ್ನೀರಿನ ದಂಡೆಯಲ್ಲಿ ನಿಂತರೆ, ಆಚೆ ದಡದಲ್ಲಿ ಕೆನಡಿ ಬಾಹ್ಯಾಕಾಶ ಕೇಂದ್ರದ 160 ಮೀಟರ್ ಎತ್ತರದ ರಾಕೆಟ್ ಜೋಡಣೆಯ ಕಟ್ಟಡ ಕಣ್ಣಿಗೆ ಬೀಳುತ್ತದೆ. ಅಲ್ಲಿ ಗಾಳಿ ಎದ್ದರೆ ಇಲ್ಲಿ ನಮಗೆ ನಿದ್ದೆ ಇಲ್ಲ. ಹೀಗಾಗಿ ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರವು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸುವ ಸೇವೆಗೆ 2022ರ ನವೆಂಬರಿನಿಂದ ನಾನು ಖಾಯಂ ಗಿರಾಕಿ. ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಅರ್ಧ ಅಂಕ ಕಳೆದುದಕ್ಕೆ ಕಾರಣ ಆ ಪ್ರಸಿದ್ಧ ಚಿತ್ರ, ಅದರ ವಿಷಯ ಮುಂದೆ ಹೇಳುತ್ತೇನೆ.

ಸೇವೆಯ ಮೊದಲ ಗುಣ ಅದರ ಹೊತ್ತುಗೊತ್ತು. ಚಂಡಮಾರುತವೊಂದು ಜೀವಂತವಾಗಿರುವಷ್ಟು ದಿನ ಆರು ಗಂಟೆಗೊಮ್ಮೆ ಪ್ರಕಟಣೆ ಹೊರಡುತ್ತದೆ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಎಂಟೂವರೆ, ಮಧ್ಯಾಹ್ನ ಎರಡೂವರೆ, ರಾತ್ರಿ ಎಂಟೂವರೆ, ಮತ್ತೆ ಇರುಳು ಎರಡೂವರೆ. ಕರಾವಳಿಗೆ ಎಚ್ಚರಿಕೆ ಜಾರಿಯಲ್ಲಿದ್ದರೆ ನಡುನಡುವೆ ಮೂರು ಗಂಟೆಗೊಂದು ಮಧ್ಯಂತರ ಪ್ರಕಟಣೆಯೂ ಬರುತ್ತದೆ. ನವೆಂಬರಿನಲ್ಲಿ ಅಮೆರಿಕದವರು ತಮ್ಮ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ ಮಗಳ ಲೆಕ್ಕದಲ್ಲಿ ಐದರ ಪ್ರಕಟಣೆ ನಾಲ್ಕಕ್ಕೆ ಬರತೊಡಗುತ್ತದೆ, ಆದರೆ ಪ್ರಕಟಣೆಯ ವೇಳಾಪಟ್ಟಿ ವಿಶ್ವಮಾನ ಸಮಯಕ್ಕೆ ಕಟ್ಟುಬಿದ್ದಿರುವ ಕಾರಣ ನಮ್ಮ ಎಂಟೂವರೆ ಎರಡೂವರೆಗಳು ಕದಲುವುದಿಲ್ಲ. ಎರಡನೆಯ ಗುಣ, ಬರೀ ಅಕ್ಷರಗಳಲ್ಲೇ ತೆರೆದುಕೊಳ್ಳುವ ಪುಟವೊಂದು ಅಲ್ಲಿರುವುದು. ಕರೆಂಟ್ ಹೋಗಿ, ಮೊಬೈಲ್ ಗೋಪುರದ ಬ್ಯಾಟರಿಯೂ ಸೋತು, ಜಗಲಿಯ ಈಶಾನ್ಯದ ಕಂಬಕ್ಕೆ ಒರಗಿ ನಿಂತರೆ ಮಾತ್ರ ಒಂದು ಕಡ್ಡಿ ಸಿಗ್ನಲ್ ಸಿಗುವ ನಮ್ಮಂಥ ಮನೆಗಳಿಗೆ ಇದು ಎಷ್ಟು ದೊಡ್ಡ ಉಪಕಾರವೆಂಬುದು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ.

ಇನ್ನು ಆ ಚಿತ್ರ. ಚಂಡಮಾರುತದ ಮುಂದಿನ ಐದು ದಿನಗಳ ಹಾದಿಯನ್ನು ಶಂಖದ ಆಕಾರದಲ್ಲಿ, ದೂರ ಹೋದಂತೆ ಅಗಲವಾಗುವ ಬಿಳಿಯ ಪಟ್ಟಿಯಾಗಿ ಬರೆದು ತೋರಿಸುತ್ತಾರೆ. ಟಿವಿಯವರೆಲ್ಲ ಎತ್ತಿಕೊಳ್ಳುವುದು ಇದನ್ನೇ. 2024ರ ಅಕ್ಟೋಬರಿನಲ್ಲಿ, ನವರಾತ್ರಿಯ ಪೂಜೆಯ ನಡುವೆ, ಮಿಲ್ಟನ್ ಎಂಬ ಚಂಡಮಾರುತದ ಈ ಚಿತ್ರವನ್ನು ಮನೆಯಾಕೆಗೆ ತೋರಿಸಿದಾಗ ಆಕೆ ಅದರ ಅಗಲವನ್ನು ಹೆಬ್ಬೆರಳು ತೋರುಬೆರಳುಗಳಲ್ಲಿ ಅಳೆದು, 'ಇಷ್ಟು ದೊಡ್ಡ ಗಾಳಿಯೇ?' ಎಂದು ಬೆಚ್ಚಿದರು. ಅದು ಗಾಳಿಯ ಗಾತ್ರ ಅಲ್ಲವೇ ಅಲ್ಲ. ಹಿಂದಿನ ಐದು ವರ್ಷಗಳಲ್ಲಿ ತಮ್ಮ ಮುನ್ಸೂಚನೆ ಎಷ್ಟೆಷ್ಟು ತಪ್ಪಿತ್ತೋ ಅದನ್ನು ಲೆಕ್ಕ ಹಾಕಿ, ಮೂರರಲ್ಲಿ ಎರಡು ಸಲವಾದರೂ ಚಂಡಮಾರುತದ ನಡುಬಿಂದು ಒಳಗೆ ಉಳಿಯುವಷ್ಟು ದೊಡ್ಡ ವೃತ್ತಗಳನ್ನು ಎಳೆದು ಜೋಡಿಸಿದರೆ ಈ ಶಂಖವಾಗುತ್ತದೆ. ಅಂದರೆ ಇಲಾಖೆಯೊಂದು ತನ್ನ ತಪ್ಪಿನ ಅಳತೆಯನ್ನೇ ನಕ್ಷೆಯ ಮೇಲೆ ಬರೆದು ಊರಿಗೆಲ್ಲ ತೋರಿಸುತ್ತಿದೆ. ಇಂಥ ಪ್ರಾಮಾಣಿಕತೆಯನ್ನು ಮೆಚ್ಚದಿರಲಾರೆ, ಆದರೆ ಅದನ್ನು ಬಿಡಿಸಿ ಹೇಳುವ ಮಾತುಗಳನ್ನು ಚಿತ್ರದ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ ಹಾಕಿ ಬಿಟ್ಟಿದ್ದಾರೆ. ಕನ್ನಡಕ ಹುಡುಕುವ ವಯಸ್ಸಿನವರಾರೂ ಅದನ್ನು ಓದುವುದಿಲ್ಲ. ಶಂಖದ ಹೊರಗಿದ್ದೇವೆ, ಬದುಕಿದೆವು ಎಂದುಕೊಳ್ಳುವುದು ಇದರಿಂದ ಹುಟ್ಟುವ ಇನ್ನೊಂದು ಭ್ರಮೆ. ಮಿಲ್ಟನ್ ಫ್ಲಾರಿಡಾದ ಪಶ್ಚಿಮ ಕರಾವಳಿಯನ್ನು ಮುಟ್ಟುವುದಕ್ಕೆ ಕೆಲವು ಗಂಟೆ ಮೊದಲೇ, ಪೂರ್ವ ಕರಾವಳಿಯ ಸೇಂಟ್ ಲೂಸಿ ಕೌಂಟಿಯಲ್ಲಿ ಅದು ಎಬ್ಬಿಸಿದ ಸುಂಟರಗಾಳಿಗೆ ಆರು ಜನ ಪ್ರಾಣ ತೆತ್ತರು. ನಡುಬಿಂದುವಿನ ಗೆರೆಯನ್ನೇ ದಿಟ್ಟಿಸುತ್ತ ಕುಳಿತವರಿಗೆ ಆ ಮಧ್ಯಾಹ್ನದ ಸೂಚನೆ ಸಿಗುವಂತಿರಲಿಲ್ಲ. ಪಕ್ಕದ ಬರಹದಲ್ಲಿ ಮಾತ್ರ ಸುಂಟರಗಾಳಿಗೆಂದೇ ಬೇರೆ ಸಾಲು ಇತ್ತು.

ಆದ್ದರಿಂದ ನನ್ನ ಶಿಫಾರಸು ಬರಹಕ್ಕೆ. ಸಾರ್ವಜನಿಕ ಪ್ರಕಟಣೆಯಲ್ಲಿ ನೆರೆಯಲೆ (ಗಾಳಿ ದಡಕ್ಕೆ ನೂಕಿ ತರುವ ಕಡಲ ನೀರು), ಮಳೆ, ಗಾಳಿ, ಸುಂಟರಗಾಳಿ, ಕಡಲಿನ ಅಬ್ಬರ ಎಂದು ಅಪಾಯಗಳನ್ನು ಬಿಡಿಬಿಡಿಯಾಗಿ ಹೇಳಿರುತ್ತಾರೆ, ಗಂಟೆಗೆ ಇಷ್ಟು ಕಿಲೋಮೀಟರ್ ಎಂದೂ ಕೊಟ್ಟಿರುತ್ತಾರೆ. ಅದಕ್ಕಿಂತ ರುಚಿಕಟ್ಟಾದುದು ಜೊತೆಗೆ ಬರುವ 'ಚರ್ಚೆ' ಎಂಬ ಟಿಪ್ಪಣಿ. ಗಣಕಯಂತ್ರದ ಯಾವ ಮಾದರಿ ಏನು ಹೇಳುತ್ತಿದೆ, ಚಂಡಮಾರುತದೊಳಕ್ಕೆ ಹಾರಿದ ವಿಮಾನ ಏನನ್ನು ಅಳೆದು ತಂದಿತು, ತಮಗೆ ಎಲ್ಲಿ ಅನುಮಾನವಿದೆ ಎಂಬುದನ್ನು ಪಾಳಿಯಲ್ಲಿದ್ದ ತಜ್ಞರು ನಾಲ್ಕಾರು ಪ್ಯಾರಾಗಳಲ್ಲಿ ಬರೆದು ಕೊನೆಗೆ ತಮ್ಮ ಹೆಸರು ಹಾಕುತ್ತಾರೆ. ಮಿಲ್ಟನ್ ಅಕ್ಟೋಬರ್ 7ರ ಬೆಳಗಿನ ಎಂಟೂವರೆಯ ಪ್ರಕಟಣೆಯಲ್ಲಿ ಗಾಳಿಯ ವೇಗ ನೋಡಿ ಒಂದರಿಂದ ಐದರವರೆಗೆ ಎಣಿಸುವ ವರ್ಗಗಳಲ್ಲಿ ಒಂದನೆಯ ವರ್ಗದ ಚಂಡಮಾರುತವಾಗಿತ್ತು; ರಾತ್ರಿ ಹತ್ತು ಹೊಡೆಯುವ ಮೊದಲು ಐದನೆಯ ವರ್ಗವಾಯಿತು, ಮುಂದೆ ಗಾಳಿಯ ವೇಗ ಗಂಟೆಗೆ 285 ಕಿಲೋಮೀಟರಿಗೆ ಏರಿತು. ಇಷ್ಟು ಬೇಗ ಬಲಿಯುವ ಚಂಡಮಾರುತದ ಬೆನ್ನು ಹತ್ತಿದವರ ಉಸಿರು ಆ ಟಿಪ್ಪಣಿಗಳಲ್ಲಿ ಕೇಳಿಸುತ್ತಿತ್ತು. ಆ ದಿನ ಫೋನಿನಲ್ಲಿದ್ದ ಇನ್ನೊಂದು ಖಾಸಗಿ ಹವಾಮಾನ ಆ್ಯಪ್ ಟೈಟಸ್‌ವಿಲ್‌ಗೆ 'ಮೋಡ, ತುಂತುರು' ಎಂದು ಛತ್ರಿಯ ಗುರುತು ತೋರಿಸುತ್ತಿತ್ತು. ಅದನ್ನು ಅಂದೇ ಅಳಿಸಿದೆ.

ರಾಕೆಟ್ ಕಟ್ಟೆಯ ನೆರೆಹೊರೆಯವರಿಗೆ ನಿಜವಾಗಿ ಬೇಕಾಗುವುದು ಗಾಳಿ ಎಂದು ಬಂದೀತು ಎಂಬ ಲೆಕ್ಕ. ಅದಕ್ಕೂ ಇಲ್ಲಿ ಪ್ರತ್ಯೇಕ ನಕ್ಷೆಗಳಿವೆ: ಬಿರುಗಾಳಿ ಬಹುತೇಕ ಯಾವ ಹೊತ್ತಿಗೆ ಬರಬಹುದು ಎಂದು ಒಂದು, ಬೇಗ ಎಂದರೆ ಯಾವ ಹೊತ್ತಿಗೆ ಎಂದು ಇನ್ನೊಂದು. ಎರಡನೆಯದನ್ನು ನಂಬಿ ಕಿಟಕಿಗೆ ಹಲಗೆ ಬಡಿಯಬೇಕು. ಕೆನಡಿ ಕೇಂದ್ರದವರೂ ಗಂಟೆಗೆ 93 ಕಿಲೋಮೀಟರ್ ವೇಗದ ಗಾಳಿ ಬರಲು 72, 48, 24, 12 ಗಂಟೆ ಉಳಿದಿದೆ ಎಂಬ ಮೆಟ್ಟಿಲುಗಳಲ್ಲಿಯೇ ಬಾಗಿಲು ಹಾಕುತ್ತ ಬಂದು, ಕೊನೆಗೆ ಕಾವಲಿಗೆ ಒಂದು ಚಿಕ್ಕ ತಂಡವನ್ನಷ್ಟೇ ಒಳಗೆ ಉಳಿಸಿಕೊಳ್ಳುತ್ತಾರೆ. ರಾಕೆಟ್ಟನ್ನು ಕಟ್ಟೆಯಿಂದ ಒಳಗೆ ಒಯ್ಯುವುದು ಗಾಡಿಗೆ ಎತ್ತು ಕಟ್ಟಿದಷ್ಟು ಸುಲಭವಲ್ಲ: ಹೊರೆ ಹೊತ್ತ ಆ ತೆವಳುವ ವಾಹನ ಗಂಟೆಗೆ ಒಂದೂವರೆ ಕಿಲೋಮೀಟರಿನ ಆಸುಪಾಸಿನಲ್ಲಿ ಚಲಿಸುತ್ತದೆ. 2022ರ ಸೆಪ್ಟೆಂಬರಿನಲ್ಲಿ ಇಯಾನ್ ಬರುವ ಮುನ್ನ ಆರ್ಟೆಮಿಸ್ ರಾಕೆಟ್ಟನ್ನು ಹೀಗೆ ಒಳಗೆ ತಂದರು. ನವೆಂಬರಿನ ನಿಕೋಲ್ ಬರುವಾಗ ಮಾತ್ರ 98 ಮೀಟರ್ ಉದ್ದದ ಆ ರಾಕೆಟ್ ಹೊರಗೇ ನಿಲ್ಲಲಿ ಎಂದು ನಾಸಾ ತೀರ್ಮಾನಿಸಿತು. ಕಟ್ಟೆಯ 60 ಅಡಿ ಎತ್ತರದಲ್ಲಿ ತಾಳಿಕೆಯ ಮಿತಿ ಗಂಟೆಗೆ 85 ಮೈಲಿ ಇದ್ದರೆ, ನವೆಂಬರ್ 10ರಂದು ಅಲ್ಲಿ ಬೀಸಿದ ಗಾಳಿ 82 ಮೈಲಿಯನ್ನು ಮುಟ್ಟಿತು. ಮೂರು ಮೈಲಿಯ ಅಂತರದಲ್ಲಿ ಬಚಾವಾದ ರಾಕೆಟ್ ಆರು ದಿನದ ನಂತರ ಚಂದ್ರನತ್ತ ಹಾರಿತು. ನಿಕೋಲ್ ಕೇವಲ ಒಂದನೆಯ ವರ್ಗದ್ದು, ಆದರೆ ಪಕ್ಕದ ವೊಲೂಷಿಯ ಕೌಂಟಿಯಲ್ಲಿ ಅಲೆ ಮರಳು ಕೊರೆದು ಕಡಲಂಚಿನ ಮನೆಗಳನ್ನೇ ಉರುಳಿಸಿತು. ವರ್ಗದ ಅಂಕೆ ಗಾಳಿಯನ್ನಷ್ಟೇ ಅಳೆಯುತ್ತದೆ, ನೀರನ್ನಲ್ಲ.

ನಮ್ಮ ಹವಾಮಾನ ಇಲಾಖೆಯ ದೆಹಲಿ ಕೇಂದ್ರದ ಪ್ರಕಟಣೆಗಳನ್ನೂ ಓದುವ ರೂಢಿ ನನಗಿದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತವೆಂದರೆ ಪುಲಿಕಾಟ್ ಸರೋವರಕ್ಕೂ ಕಡಲಿಗೂ ನಡುವಿನ ಶ್ರೀಹರಿಕೋಟಾ ದ್ವೀಪದ ಉಡಾವಣೆಗಾರರಿಗೆ ಎಷ್ಟು ಚಿಂತೆಯೋ, ಅಂಗಳದ ಚಪ್ಪರದ ಮೇಲೆ ಬೇಯಿಸಿದ ಅಡಿಕೆ ಹರಡಿಕೊಂಡು ಬಿಸಿಲು ಕಾಯುವ ನಮಗೂ ಅಷ್ಟೇ ಚಿಂತೆ. ಜಿಲ್ಲೆವಾರು ಹಳದಿ, ಕಿತ್ತಳೆ, ಕೆಂಪು ಎಂದು ಬಣ್ಣದಲ್ಲಿ ಹೇಳುವ ಇಲಾಖೆಯ ಪದ್ಧತಿ ಮಯಾಮಿಯ ಶಂಖಕ್ಕಿಂತ ಬೇಗ ಅರ್ಥವಾಗುತ್ತದೆ. ನಮ್ಮ ಮನೆಯ ಕೆಲಸದಾಳುಗಳೂ ಇವತ್ತು ಆರೆಂಜೋ ರೆಡ್ಡೋ ಎಂದೇ ಕೇಳುತ್ತಾರೆ. ಅನುಮಾನವನ್ನು ಹೀಗೆ ಸಹಿ ಹಾಕಿ ಬರೆಯುವ ಚರ್ಚೆಯ ಟಿಪ್ಪಣಿ ಇಲ್ಲಿಯೂ ಸರಳ ಕನ್ನಡದಲ್ಲಿ ಸಿಕ್ಕರೆ ಅಡಿಕೆಯನ್ನು ಎಂದು ಅಟ್ಟಕ್ಕೇರಿಸಬೇಕೆಂಬ ತಲೆನೋವು ಅರ್ಧ ತೀರೀತು. ಮಯಾಮಿಯವರ ಪ್ರಕಟಣೆ ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿ ಮಾತ್ರ ಇದೆಯೆಂಬುದು ನಮಗೆ ತೊಡಕೇ ಹೊರತು ಅವರ ದೋಷವಲ್ಲ.

ಅಕ್ಟೋಬರ್ 10ರ ಬೆಳಗಿನ ಐದೂವರೆಯ ಪ್ರಕಟಣೆ ಓದುವಾಗ ಹಸ್ತದ ಕಡೆಯ ಮಳೆ ಹೆಂಚಿನ ಮೇಲೆ ಸುರಿಯುತ್ತಿತ್ತು. ಅದಾದ ಅರ್ಧ ಗಂಟೆಗೆ ಮಿಲ್ಟನ್ ಸಿಯೆಸ್ಟಾ ಕೀ ಬಳಿ ಮೂರನೆಯ ವರ್ಗದ ಬಲದಲ್ಲಿ ದಡ ಹತ್ತಿ, ರಾತ್ರಿಯಿಡೀ ಫ್ಲಾರಿಡಾವನ್ನು ಅಡ್ಡ ಹಾಯ್ದು, ಅಲ್ಲಿನ ನಸುಕಿಗೆ ಕೇಪ್ ಕೆನವೆರಲ್ ಸಮೀಪದಲ್ಲೇ ಅಟ್ಲಾಂಟಿಕ್ಕಿಗೆ ಇಳಿಯಿತು. ಮಧ್ಯಾಹ್ನ ಎರಡೂವರೆಯ ಪ್ರಕಟಣೆ ನಡುಬಿಂದು ಕಡಲಿನ ಮೇಲಿದೆ ಎಂದಿತು. ಮಗಳ ಸಂದೇಶ ಬಂದದ್ದು ಸಂಜೆ ಏಳರ ಮೇಲೆ, ಬೇಲಿ ಬಿದ್ದಿದೆ, ಕರೆಂಟಿಲ್ಲ, ಎಲ್ಲರೂ ಕ್ಷೇಮ ಎಂದು. ಗುರುಗ್ರಹದ ಚಂದ್ರ ಯುರೋಪಾವನ್ನು ಪರಿಶೀಲಿಸಲು ಅದೇ ದಿನ ಹಾರಬೇಕಾಗಿದ್ದ ನಾಸಾದ ಯುರೋಪಾ ಕ್ಲಿಪ್ಪರ್ ನೌಕೆಯನ್ನು ಶೆಡ್ಡಿನೊಳಗೆ ಭದ್ರ ಮಾಡಿ ಇಟ್ಟಿದ್ದರು. ನಮ್ಮ ಗಡಿಯಾರದಲ್ಲಿ 14ರ ರಾತ್ರಿ ಒಂಬತ್ತು ಗಂಟೆ 36 ನಿಮಿಷಕ್ಕೆ ಅದು ಹೊರಟಾಗ ಮೊಮ್ಮಗ ಬಿದ್ದ ಬೇಲಿಯ ಮೇಲೆ ನಿಂತು ಫೋನು ಎತ್ತಿ ಹಿಡಿದಿದ್ದ. ಚಿತ್ರ ಅಲುಗಾಡುತ್ತಿತ್ತು, ಸದ್ದು ಮಾತ್ರ ಜಗಲಿಯ ಕಂಬದವರೆಗೆ ಸ್ಪಷ್ಟವಾಗಿ ಬಂತು.