ಫ್ಯೂಜಿ ಹತ್ತುವವರೇ, ಹಟ್‌ನಲ್ಲಿ ಮಲಗಿದರೆ ತಲೆನೋವು ಹೋಗಲ್ಲ

ಜಪಾನಿನಲ್ಲಿರುವ ನಮ್ಮವರು ಜುಲೈ ಬಂತೆಂದರೆ ಫ್ಯೂಜಿಗೆ ಹೊರಡುತ್ತಾರೆ. ಊರಿಂದ ನೆಂಟರು ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗುತ್ತಾರೆ. ದಯವಿಟ್ಟು ಇದನ್ನು ಓದಿ ಹೊರಡಿ. ಎತ್ತರದಲ್ಲಿ ಆಕ್ಸಿಜನ್ ಸಾಲದೆ ಬರುವ ಕಾಯಿಲೆಯಿಂದ ಮೈಸೂರಿಂದ ಬಂದಿದ್ದ ನನ್ನ ಹೆಂಡತಿಯ ತಮ್ಮನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ನಾವು ಹೋದದ್ದು ಫ್ಯೂಜಿ ಹತ್ತುವ ದಾರಿಗಳಲ್ಲೊಂದಾದ ಯೋಶಿದಾ ದಾರಿಯಲ್ಲಿ, ಒಂದು ಟೂರ್ ಗುಂಪಿನ ಜೊತೆ. ಟೋಕಿಯೋದ ಶಿಂಜುಕುವಿನಲ್ಲಿ ಹತ್ತಿದ ಬಸ್ಸು ಸುಮಾರು ಎರಡೂವರೆ ಗಂಟೆಯಲ್ಲಿ 5ನೇ ನಿಲ್ದಾಣಕ್ಕೆ (ಬೆಟ್ಟದ ದಾರಿಯ ಹಂತಗಳನ್ನು ಹೀಗೆ ಕರೆಯುತ್ತಾರೆ) ಬಿಡುತ್ತದೆ. ಆ ಜಾಗ 2,305 ಮೀಟರ್. ಬಸ್ಸಿಳಿದ ಕಡೆಯೇ ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ! ಅಲ್ಲಿ ಒಂದು ಗಂಟೆಯಾದರೂ ಸುಮ್ನೆ ಓಡಾಡಿಕೊಂಡಿದ್ದು, ಮೈ ಹೊಂದಿಕೊಂಡ ಮೇಲೆ ಹತ್ತಬೇಕು. ನಮ್ಮ ಗುಂಪಿನ ಮುಂದಾಳು ಟಾಯ್ಲೆಟ್ಟಿಗೆ ಹೋಗಿ ಬರುವಷ್ಟು ಹೊತ್ತು ಕೊಟ್ಟು ಹೊರಡಿಸಿಬಿಟ್ಟರು.

ನನ್ನ ಭಾವಮೈದ ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಓಡಿಕೊಂಡು ಹತ್ತುವ ಹುಡುಗ. ಎಲ್ಲರಿಗಿಂತ ಮುಂದೆ ಹೋಗುತ್ತಿದ್ದ. ಗಟ್ಟಿಮುಟ್ಟಾಗಿದ್ದರೆ ಎತ್ತರ ಏನೂ ಮಾಡಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೇಗ ಬೇಗ ಹತ್ತುವವರಿಗೇ ಜಾಸ್ತಿ ಕಾಡುತ್ತದೆ.

ನಮ್ಮ ಹಟ್, ಅಂದರೆ ಹತ್ತುವವರು ರಾತ್ರಿ ತಂಗುವ ಮನೆ, ಇದ್ದದ್ದು ಸುಮಾರು 3,400 ಮೀಟರಿನಲ್ಲಿ. ಸಾಲಾಗಿ ಹಾಸಿದ ಸ್ಲೀಪಿಂಗ್ ಬ್ಯಾಗುಗಳು, ಪಕ್ಕದವರ ಭುಜ ನಮ್ಮ ಭುಜಕ್ಕೆ ತಾಗುತ್ತದೆ. ಊಟಕ್ಕೆ ಕರಿ ರೈಸ್. (ಸಸ್ಯಾಹಾರಿಗಳು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ. ಆ ಕರಿಯಲ್ಲಿ ತರಕಾರಿ ಮಾತ್ರ ಕಂಡರೂ ಸಾಮಾನ್ಯವಾಗಿ ಪ್ರಾಣಿಗಳ ಕೊಬ್ಬು ಸೇರಿರುತ್ತದೆ.) ಅವನು ಎರಡು ಚಮಚ ತಿಂದು ತಟ್ಟೆ ಪಕ್ಕಕ್ಕಿಟ್ಟ. "ಭಾವ, ತಲೆ ಸಿಡೀತಾ ಇದೆ" ಅಂದ. ಸ್ವಲ್ಪ ಹೊತ್ತಿಗೆ ವಾಂತಿ. ಬೂಟಿನ ದಾರ ಕಟ್ಟಲು ಕೂತವನು ದಾರ ಕೈಯಲ್ಲಿ ಹಿಡಿದು ಹಾಗೇ ನೋಡುತ್ತಾ ಕೂತ.

ಮುಂದಾಳು ಹೇಳಿದ್ದು ಇಷ್ಟೇ: "ಮಲಗಲಿ ಬಿಡಿ, ಎದ್ದಾಗ ಸರಿ ಹೋಗಿರುತ್ತೆ. ಸೂರ್ಯೋದಯಕ್ಕೆ ಹೊರಡೋಕೆ ರಾತ್ರಿ ಒಂದು ಗಂಟೆಗೆ ಎಬ್ಬಿಸ್ತೀವಿ."

ಸರಿ ಹೋಗಲ್ಲ. ನಿದ್ದೆಯಲ್ಲಿ ಉಸಿರಾಟ ಕಡಿಮೆಯಾಗುತ್ತದೆ, ರಕ್ತದಲ್ಲಿ ಆಕ್ಸಿಜನ್ ಇನ್ನೂ ಇಳಿಯುತ್ತದೆ. ಹಾಗಾಗಿಯೇ ಹಟ್ ಮುಟ್ಟಿದ ಕೂಡಲೇ ಮಲಗಬೇಡಿ ಅನ್ನುತ್ತಾರೆ. 3,776 ಮೀಟರಿನ ತುದಿಯಲ್ಲಿ ನಮಗೆ ಸಿಗುವ ಆಕ್ಸಿಜನ್ ಕೆಳಗಿನದರ ಮೂರರಲ್ಲಿ ಎರಡು ಪಾಲು ಮಾತ್ರ. ಅಂಗಡಿಯಲ್ಲಿ ಮಾರುವ ಆಕ್ಸಿಜನ್ ಡಬ್ಬಿ ಕೆಲವೇ ನಿಮಿಷಕ್ಕೆ ಖಾಲಿ. ತಲೆನೋವಿನ ಜೊತೆ ವಾಂತಿ ಬಂದರೆ ಮೇಲೆ ಹೋಗುವ ಮಾತೇ ಬೇಡ. ನೇರ ಗೆರೆಯ ಮೇಲೆ ನಡೆಯಲು ಆಗದಿದ್ದರೆ, ಮಾತು ತೊದಲಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ಅದು ಜೀವಕ್ಕೇ ಅಪಾಯ. ಆಗ ಒಂದು ನಿಮಿಷವೂ ಕಾಯದೆ ಕೆಳಗಿಳಿಸಬೇಕು.

ನಮ್ಮನ್ನು ಕಾಪಾಡಿದ್ದು ಹಟ್ಟಿನ ಕೆಲಸದವರು. ಅವನ ಮುಖ ನೋಡಿದ್ದೇ "ಗೆಝಾನ್, ಗೆಝಾನ್" ಅಂತ ಕೈ ಕೆಳಗೆ ತೋರಿಸಿದರು, ಇಳಿಸಿ ಅಂತ. ಒಬ್ಬರು ಟಾರ್ಚ್ ಹಿಡಿದು ಜೊತೆಗೇ ಬಂದರು. 3,100 ಮೀಟರಿನ ಹತ್ತಿರ, 8ನೇ ನಿಲ್ದಾಣದಲ್ಲಿ, ಹತ್ತುವ ಸೀಸನ್ನಿನಲ್ಲಿ ವೈದ್ಯರಿರುವ ಚಿಕಿತ್ಸಾ ಕೇಂದ್ರವಿದೆ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ರಾತ್ರಿ ಅಲ್ಲಿ ಕಳೆದು, ಬೆಳಕು ಹರಿದ ಮೇಲೆ ನಿಧಾನಕ್ಕೆ ಇಳಿದೆವು. 5ನೇ ನಿಲ್ದಾಣ ಬರುವ ಹೊತ್ತಿಗೆ ಹುಡುಗ ಹಸಿವು ಅಂದ. ಮುಂದಾಳು ಮಾತ್ರ "ಗುಂಪು ಬಿಟ್ಟರೆ ನಮ್ಮ ಹೊಣೆಯಲ್ಲ" ಅಂತ ಹೇಳಿ ಮಿಕ್ಕವರನ್ನು ಕರೆದುಕೊಂಡು ಸೂರ್ಯೋದಯ ನೋಡಲು ಹೋಗಿದ್ದರು. ಈಗಲೂ ಆ ಮಾತು ನೆನೆದರೆ ಮೈ ಉರಿಯುತ್ತದೆ.

2025ರಿಂದ ಯೋಶಿದಾ ದಾರಿಗೆ 4,000 ಯೆನ್ ಶುಲ್ಕ. ಮಧ್ಯಾಹ್ನ 2ರಿಂದ ಬೆಳಗಿನ ಜಾವ 3ರವರೆಗೆ ಹಟ್ ಬುಕ್ ಮಾಡದವರಿಗೆ ಗೇಟು ಬಂದ್. ನಿಯಮ ಒಳ್ಳೆಯದೇ. ಆದರೆ ಹಟ್ ಬುಕ್ಕಿಂಗ್ ಇದ್ದರೆ ಗೇಟು ತೆರೆಯುತ್ತದೆ ಅಷ್ಟೇ, ಮೈ ಹೊಂದಿಕೊಳ್ಳಲ್ಲ.

ಇಳಿಯುವ ದಾರಿಯ ಕವಲನ್ನೂ ನೆನಪಿಡಿ. 8ನೇ ನಿಲ್ದಾಣದ ಹತ್ತಿರ ಯೋಶಿದಾ ಮತ್ತು ಸುಬಾಶಿರಿ ದಾರಿಗಳು ಬೇರೆಯಾಗುತ್ತವೆ. ಹಳದಿ ಫಲಕ ಯೋಶಿದಾ, ಕೆಂಪು ಸುಬಾಶಿರಿ. ಸುಸ್ತಾದವರು ಗಮನಿಸದೆ ಕೆಂಪು ಹಿಡಿದರೆ ಶಿಜುಓಕಾ ಪ್ರಾಂತ್ಯದ ಕಡೆ ಇಳಿಯುತ್ತಾರೆ, ಅವರ ಬಸ್ಸು ನಿಂತಿರುವುದು ಬೆಟ್ಟದ ಬೇರೆ ಕಡೆಯ ಯಾಮಾನಾಶಿ ಪ್ರಾಂತ್ಯದಲ್ಲಿ.

ಗುಂಪಿನಲ್ಲಿ ಹೋಗುವುದಾದರೆ ದುಡ್ಡು ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: "ರಾತ್ರಿ ಒಬ್ಬರಿಗೆ ಹುಷಾರು ತಪ್ಪಿದರೆ ನಿಮ್ಮ ಕಡೆಯಿಂದ ಯಾರು ಜೊತೆಗೆ ಇಳೀತಾರೆ?" ಉತ್ತರ ಬರವಣಿಗೆಯಲ್ಲಿ ಕೊಡದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ.