ಕ್ಯೂಎಮು: ಹೊಸ ಲಿನಕ್ಸ್ ಬೂಟ್ ಆಗದಿದ್ದರೆ ಮೊದಲು ಸಿಪಿಯು ಮಾಡೆಲ್ ನೋಡ್ರಿ

ಬೆಳಗಾವಿಯ ಕಾಲೇಜು ಲ್ಯಾಬ್‌ನಲ್ಲಿ ವರ್ಷಗಟ್ಟಲೆ ದಿನಾ ಓಡಿಸಿದ ಮೇಲೆ ಹೇಳುವುದಾದರೆ, ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಸಾಫ್ಟ್‌ವೇರ್‌ನಿಂದಲೇ ಓಡಿಸುವ, ಪುಕ್ಕಟೆ ಸಿಗುವ ಎಮ್ಯುಲೇಟರ್‌ಗಳಲ್ಲಿ ಕ್ಯೂಎಮುನಷ್ಟು ನಂಬಿಕಸ್ತ ಇನ್ನೊಂದಿಲ್ಲ. 5ಕ್ಕೆ 4 ಅಂಕ. ಆ ಒಂದು ಅಂಕ ಹೋಗಿದ್ದು ಅದರ ಡೀಫಾಲ್ಟ್‌ಗಳಿಂದ.

ಸಿಪಿಯು ಹೆಸರು ಕೊಡದೆ ಆಲ್ಮಾಲಿನಕ್ಸ್ 9 (ರೆಡ್‌ಹ್ಯಾಟ್‌ಗೆ ಹೊಂದುವ ಪುಕ್ಕಟೆ ಲಿನಕ್ಸ್) ಹಾಕಿ ನೋಡಿ. ಕರ್ನಲ್ (ಲಿನಕ್ಸ್‌ನ ತಿರುಳು) ಚೆಂದಾಗಿ ಏಳುತ್ತದೆ, ಆಮೇಲೆ ‘ಅಟೆಂಪ್ಟೆಡ್ ಟು ಕಿಲ್ ಇನಿಟ್’ ಎಂದು ಪ್ಯಾನಿಕ್ ಆಗಿ, ಅಂದರೆ ಮುಂದೆ ಓಡಲಾಗದೆ, ನಿಲ್ಲುತ್ತದೆ, ಎಕ್ಸಿಟ್ ಕೋಡ್ 7ಎಫ್00. ಎಲ್ಲರೂ ಕರ್ನಲ್ಲನ್ನೇ ಬೈಯುತ್ತಾರೆ. ಸ್ವಲ್ಪ ಮೇಲೆ ಸ್ಕ್ರೋಲ್ ಮಾಡಿ: ‘ಫೇಟಲ್ ಜಿಲಿಬ್‌ಸಿ ಎರರ್: ಸಿಪಿಯು ಡಸ್ ನಾಟ್ ಸಪೋರ್ಟ್ ಎಕ್ಸ್86-64-ವಿ2’ ಎಂಬ ಸಾಲು ಇರುತ್ತದೆ (ವಿ2 ಅಂದರೆ 64 ಬಿಟ್ ಇಂಟೆಲ್, ಎಎಮ್‌ಡಿ ಸಿಪಿಯುಗಳ ಸೂಚನೆಗಳ ಎರಡನೇ ಮಟ್ಟ). ಅಂದರೆ ಕೈಕೊಟ್ಟಿದ್ದು ಕರ್ನಲ್ ಅಲ್ಲ. ಸಿ ಲೈಬ್ರರಿ (ಜಿಲಿಬ್‌ಸಿ, ಬಹುತೇಕ ಪ್ರೋಗ್ರಾಂಗಳು ಆಧರಿಸುವ ಕೋಡ್) ಈ ಸಿಪಿಯು ಮೇಲೆ ಓಡಲು ಒಪ್ಪಲಿಲ್ಲ, ಇನಿಟ್ (ಕರ್ನಲ್ ಓಡಿಸುವ ಮೊದಲ ಪ್ರೋಗ್ರಾಂ) ಸತ್ತಿತು, ಅದಕ್ಕೇ ಪ್ಯಾನಿಕ್. ಸಿಪಿಯು ಹೇಳದಿದ್ದರೆ ಕ್ಯೂಎಮು ತೋರಿಸುವುದು ‘ಕ್ಯೂಎಮು64’ ಎಂಬ ಹಳೆ ಮಾಡೆಲ್. ಅದರಲ್ಲಿ ಎಸ್‌ಎಸ್‌ಇ 4.2, ಪಾಪ್‌ಕೌಂಟ್ ಎಂಬ, ವಿ2ಗೆ ಬೇಕಾದ ಸೂಚನೆಗಳಿಲ್ಲ.

ಕೆವಿಎಮ್ (ಒಳಗಿನ ಲಿನಕ್ಸನ್ನು ನಿಜವಾದ ಸಿಪಿಯು ಮೇಲೆ ನೇರ ಓಡಿಸುವ ಕರ್ನಲ್ ಸೌಲಭ್ಯ) ಇದ್ದರೆ ‘-ಸಿಪಿಯು ಹೋಸ್ಟ್’ ಕೊಡಿ, ಇಲ್ಲದಿದ್ದರೆ ‘-ಸಿಪಿಯು ಮ್ಯಾಕ್ಸ್’. ಕೆವಿಎಮ್ ಸಿಗದಿದ್ದರೆ ಬಯಾಸ್‌ನಲ್ಲಿ ವರ್ಚುವಲೈಸೇಷನ್ ಆನ್ ಇದೆಯೇ, ಯೂಸರ್ ‘ಕೆವಿಎಮ್’ ಗ್ರೂಪಿನಲ್ಲಿ ಇದ್ದಾರೆಯೇ, ಇವೆರಡನ್ನು ನೋಡಿದರೆ ಬಹುತೇಕ ಸಾಕು.

ರೆಡ್‌ಹ್ಯಾಟ್ 10ಕ್ಕೆ ಬಂದರೆ ಕಥೆ ಬೇರೆ. ಅದಕ್ಕೆ ಮುಂದಿನ ಮಟ್ಟವಾದ ವಿ3 ಬೇಕು, ಅಂದರೆ ಎವಿಎಕ್ಸ್2 ಎಂಬ ಸೂಚನೆಗಳ ಗುಂಪು ಇರಲೇಬೇಕು. ಇಂಟೆಲ್‌ನಲ್ಲಿ ಅದು ಬಂದಿದ್ದು 4ನೇ ತಲೆಮಾರಿನ ಕೋರ್ ಚಿಪ್‌ಗಳಿಂದ. ಅದೇ ಕಾಲದ ಪೆಂಟಿಯಮ್, ಸೆಲೆರಾನ್‌ಗಳಲ್ಲಿ ಇಲ್ಲ. ಹಾಗಾಗಿ ಲ್ಯಾಬ್‌ನ 3ನೇ ತಲೆಮಾರಿನ ಐ5 ಮೇಲೆ ‘ಹೋಸ್ಟ್’ ಕೊಟ್ಟರೂ ಪ್ಯಾನಿಕ್ಕೇ. ಅಲ್ಲಿ ಕೆವಿಎಮ್ ಬಿಟ್ಟು ‘ಮ್ಯಾಕ್ಸ್’ ಕೊಟ್ಟರೆ ಕ್ಯೂಎಮು ಎವಿಎಕ್ಸ್2ವನ್ನು ಸಾಫ್ಟ್‌ವೇರ್‌ನಲ್ಲೇ ಮಾಡಿಕೊಡುತ್ತದೆ. ನಿಧಾನ, ಬಹಳ ನಿಧಾನ, ಆದರೂ ಬೂಟ್ ಆಗುತ್ತದೆ. ಇದು ಸಿಗುವುದು 7.2 ಆವೃತ್ತಿಯಿಂದ. ಉಬುಂಟು 22.04ರ ಜೊತೆ ಬರುವುದು 6.2, ಅದರಲ್ಲಿ ಎಷ್ಟು ಗುದ್ದಾಡಿದರೂ ಆಗದು, 24.04ರಲ್ಲಿ 8.2 ಇದೆ. ಇಷ್ಟು ಕಷ್ಟ ಬೇಡ ಎನ್ನುವವರಿಗೆ ಆಲ್ಮಾಲಿನಕ್ಸ್ 10ರಲ್ಲಿ ವಿ2 ಬಿಲ್ಡ್ ಪ್ರತ್ಯೇಕವಾಗಿ ಸಿಗುತ್ತದೆ.

ಎರಡನೇ ಡೀಫಾಲ್ಟ್ ಮೆಮೊರಿ: 128 ಎಂಬಿ. ಈಗಿನ ಇನಿಟ್‌ರ್ಯಾಮ್‌ಎಫ್‌ಎಸ್ (ಬೂಟ್ ಹೊತ್ತಿನ ತಾತ್ಕಾಲಿಕ ಫೈಲ್‌ಗಳ ಗಂಟು, ಇದನ್ನು ಕೊಡುವ ಫೈಲೇ ಇನಿಟ್‌ಆರ್‌ಡಿ) ಬಿಚ್ಚಿಕೊಳ್ಳಲು ಅದು ಸಾಲದೆ ‘ಅನ್‌ನೋನ್ ಬ್ಲಾಕ್ (0,0)’ ಎಂದು, ಅಂದರೆ ರೂಟ್ ಡಿಸ್ಕ್ ಸಿಗದೆ, ನಿಲ್ಲುತ್ತದೆ. ‘-ಎಮ್ 2ಜಿ’ ಕೊಡಿ. ಆಮೇಲೂ ಅದೇ ಬಂದರೆ ಇನಿಟ್‌ಆರ್‌ಡಿ ಫೈಲ್ ಕೊಡುವುದು ಮರೆತಿದ್ದೀರಿ, ಇಲ್ಲವೇ ವರ್ಟಿಯೋ ಬ್ಲಾಕ್ ಡ್ರೈವರ್ (ವರ್ಚುವಲ್ ಡಿಸ್ಕ್ ಓದುವುದು) ಅದರೊಳಗಿಲ್ಲ.

ಪದೇ ಪದೇ ರೀಬೂಟ್ ಆಗುತ್ತಿದ್ದರೆ ‘-ನೋ-ರೀಬೂಟ್’, ‘-ನೋಗ್ರಾಫಿಕ್’ ಎರಡೂ ಹಾಕಿ, ಕರ್ನಲ್‌ಗೆ ಕೊಡುವ ಆಯ್ಕೆಗಳ ಸಾಲಿಗೆ ‘ಕನ್ಸೋಲ್=ಟಿಟಿವೈಎಸ್0’ ಸೇರಿಸಿ (ಮೆಸೇಜ್‌ಗಳು ಸೀರಿಯಲ್ ಪೋರ್ಟಿಗೆ ಹೋಗಲು); ಕೊನೆಯ ಸಾಲು ಟರ್ಮಿನಲ್‌ನಲ್ಲಿ ಉಳಿಯುತ್ತದೆ.

64 ಬಿಟ್ ಆರ್ಮ್ ಕರ್ನಲ್ ಕೊಟ್ಟಾಗ ಒಂದಕ್ಷರವೂ ಬಾರದಿದ್ದರೆ ಕಾರಣ ಮತ್ತೆ ಅದೇ. ಕ್ಯೂಎಮುನ ಕಾಲ್ಪನಿಕ ಆರ್ಮ್ ಯಂತ್ರವಾದ ‘ವರ್ಟ್’ ಬೋರ್ಡಿನ ಡೀಫಾಲ್ಟ್ ಸಿಪಿಯು ಕಾರ್ಟೆಕ್ಸ್-ಎ15, ಅದು 32 ಬಿಟ್. ‘ಕಾರ್ಟೆಕ್ಸ್-ಎ57’ ಕೊಡಿ, ಕನ್ಸೋಲ್ ಹೆಸರನ್ನು ‘ಟಿಟಿವೈಎಎಮ್‌ಎ0’ ಎಂದು ಬದಲಿಸಿ.