ಹಾಸನದ ವಾರಪತ್ರಿಕೆ ಸೈಟು ಬೆಂಗಳೂರು ಸರ್ವರ್‌ಗೆ ಹೋಗಿ ಮೂರು ಹಾಸನಾಂಬ ಆಯ್ತು

ಟರ್ಮಿನಲ್‌ನ ಕಮಾಂಡ್ ಟೈಪ್ ಮಾಡುವ ಕಪ್ಪು ಪರದೆ ಕಂಡರೆ ಹೆದರದವರು ಒಬ್ಬರಾದರೂ ಕೈಗೆ ಸಿಗುವ ಹಾಗಿದ್ದರೆ, ಸೈಟು ಇಡಲು ಸರ್ವರ್ ಬಾಡಿಗೆಗೆ ಕೊಡುವ ಡಿಜಿಟಲ್ ಓಷನ್‌ಗೆ ಧೈರ್ಯವಾಗಿ ಹೋಗಿ. ಅಂಥವರು ಯಾರೂ ಇಲ್ಲ ಅಂದರೆ, ಎರಡು ಪಟ್ಟು ದುಡ್ಡು ಹೋದರೂ ಚಿಂತೆಯಿಲ್ಲ, ಎಲ್ಲವನ್ನೂ ಕಂಪನಿಯವರೇ ನೋಡಿಕೊಳ್ಳುವ ಮ್ಯಾನೇಜ್ಡ್ ಹೋಸ್ಟಿಂಗ್ ತಗೊಳ್ಳಿ. ಎರಡು ವರ್ಷಕ್ಕೂ ಮೇಲ್ಪಟ್ಟು ಬಳಸಿದ ಮೇಲೆ ನನ್ನ ಅಭಿಪ್ರಾಯ ಇಷ್ಟೇ. ಯಾಕೆ ಅನ್ನೋದು ಸ್ವಲ್ಪ ಉದ್ದದ ಕಥೆ, ಪುರುಸೊತ್ತಿದ್ದರೆ ಓದಿ.

ನಮ್ಮದು ಹಾಸನದಿಂದ ಬರುವ ಸಣ್ಣ ವಾರಪತ್ರಿಕೆ. ನಾನು ಅಲ್ಲಿ ಪುಟ ಕಟ್ಟುತ್ತೇನೆ, ಸೈಟಿನ ಉಸ್ತುವಾರಿಯೂ ನನ್ನದೇ. ವರ್ಡ್‌ಪ್ರೆಸ್ ಅನ್ನುವ ತಂತ್ರಾಂಶದಲ್ಲಿ ಕಟ್ಟಿದ ಸೈಟು. 2011ರಿಂದ ಈಚಿನ ವರದಿಗಳು, ವಾರ ವಾರದ ಪತ್ರಿಕೆಯ ಪಿಡಿಎಫ್, ಜಾತ್ರೆ ತೇರುಗಳ ಫೋಟೋ, ಆಲೂಗಡ್ಡೆ ಧಾರಣೆ, ಎಲ್ಲ ಅದರಲ್ಲೇ ಇವೆ. ಮಳೆಗಾಲ ಬಂತೆಂದರೆ ಗೊರೂರು ಡ್ಯಾಮು 2922 ಅಡಿ ಮುಟ್ಟಿತಾ ಅಂತ ನೋಡುವವರೇ ಜಾಸ್ತಿ. ಮಾಮೂಲಿ ದಿನಗಳಲ್ಲಿ ಈ ಸೈಟನ್ನು ಎಂಥ ಬಡಪಾಯಿ ಸರ್ವರ್ ಬೇಕಾದರೂ ಹೊತ್ತುಕೊಳ್ಳುತ್ತೆ.

ಹಳೆಯ ಹೋಸ್ಟಿಂಗ್ ಕಂಪನಿಯ ಹೆಸರು ಬೇಡ. ಮೊದಲ ವರ್ಷ ಪುಕ್ಕಟೆ ಅನ್ನಿಸುವಷ್ಟು ಅಗ್ಗ, ರಿನ್ಯೂವಲ್ ಹೊತ್ತಿಗೆ ಮೂರು ಪಟ್ಟು. ಜಾಗ ‘ಅನ್‌ಲಿಮಿಟೆಡ್’ ಅಂತ ದೊಡ್ಡ ಅಕ್ಷರದಲ್ಲಿ ಬರೆದುಕೊಂಡಿದ್ದರು, ಫೈಲುಗಳ ಸಂಖ್ಯೆಗೆ ಮಿತಿ ಇದೆ ಅನ್ನೋದು ಷರತ್ತುಗಳ ಅಡಿಯಲ್ಲೆಲ್ಲೋ ಇತ್ತು. ವರ್ಡ್‌ಪ್ರೆಸ್‌ಗೆ ಒಂದು ಫೋಟೋ ಹಾಕಿದರೆ ಅದು ಬೇರೆ ಬೇರೆ ಅಳತೆಯ ಐದಾರು ಪ್ರತಿ ಮಾಡಿಟ್ಟುಕೊಳ್ಳುತ್ತೆ. ಹತ್ತು ವರ್ಷ ಫೋಟೋ ಹಾಕಿದ ಪತ್ರಿಕೆಗೆ ಜಾಗಕ್ಕಿಂತ ಮೊದಲು ಈ ಲೆಕ್ಕವೇ ತುಂಬಿಹೋಗುತ್ತೆ.

ಅದನ್ನೂ ಸಹಿಸಿಕೊಳ್ಳಬಹುದಿತ್ತು. ಸಹಿಸೋಕಾಗದ್ದು ಹಾಸನಾಂಬೆಯ ದಿನಗಳಲ್ಲಿ ಆಗುತ್ತಿದ್ದದ್ದು. ಹೊರಗಿನವರಿಗಾಗಿ ಒಂದು ಮಾತು: ಈ ಗುಡಿ ವರ್ಷಕ್ಕೊಮ್ಮೆ ಮಾತ್ರ ತೆರೆಯುತ್ತೆ. ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಗಿಲು ತೆಗೆದರೆ, ಬಲಿಪಾಡ್ಯಮಿ ಮುಗಿಯುತ್ತಿದ್ದಂತೆ ಮುಚ್ಚುತ್ತಾರೆ. ಅಷ್ಟು ದಿನದೊಳಗೆ ಲಕ್ಷಾಂತರ ಜನ ಬಂದುಹೋಗುತ್ತಾರೆ. ಸಾಲು ಎಲ್ಲಿವರೆಗೆ ಬಂದಿದೆ, ಧರ್ಮದರ್ಶನಕ್ಕೆ ಎಷ್ಟು ಹೊತ್ತು, ಗಾಡಿ ಎಲ್ಲಿ ನಿಲ್ಲಿಸಬೇಕು, ನೈವೇದ್ಯದ ಹೊತ್ತಿಗೆ ಬಾಗಿಲು ಎಷ್ಟಕ್ಕೆ ಹಾಕುತ್ತಾರೆ ಅಂತ ಎಲ್ಲರೂ ಮೊಬೈಲ್ ಹಿಡಿದು ಹುಡುಕುತ್ತಾರೆ. ನಮ್ಮಂಥ ಪತ್ರಿಕೆಗೆ ಇಡೀ ವರ್ಷದ ಸುಗ್ಗಿ ಅದು. ಅದೇ ಹೊತ್ತಿಗೆ ಸರಿಯಾಗಿ ಹಳೆಯ ಕಂಪನಿ ‘ಅಕೌಂಟ್ ಸಸ್ಪೆಂಡೆಡ್’ ಅಂತ ಬೋರ್ಡು ಹಾಕಿಬಿಡುತ್ತಿತ್ತು. ಸಿಪಿಯು ಮಿತಿ ಮೀರಿದ್ದೀರಿ, ದೊಡ್ಡ ಪ್ಲಾನ್ ತಗೊಳ್ಳಿ ಅಂತ ಉತ್ತರ. 2022ರಲ್ಲಿ ನಮ್ಮ ಸಂಪಾದಕರು, ‘ಏನಯ್ಯಾ, ಊರಿಗೆ ಊರೇ ಸಾಲಲ್ಲಿ ನಿಂತಿದೆ, ನಮ್ಮ ಪೇಪರ್ ಒಂದೇ ಮಲಗಿದೆಯಲ್ಲ’ ಅಂದರು. ‘ದೀಪಾವಳಿ ಕಳೀಲಿ ಸರ್, ಬೇರೆ ಕಡೆ ಹೋಗೋಣ’ ಅಂದೆ. ಹೋಗುವಷ್ಟರಲ್ಲಿ 2023ರ ಮಳೆಗಾಲ ಬಂತು.

ಡಿಜಿಟಲ್ ಓಷನ್ ಅಮೆರಿಕದ ಕಂಪನಿ, ಆದರೆ 2016ರಿಂದ ಬೆಂಗಳೂರಿನಲ್ಲೇ ಅವರ ಡೇಟಾ ಸೆಂಟರ್ ಇದೆ. ನಮ್ಮ ಓದುಗರು ಇರುವುದು ಹಾಸನ, ಅರಸೀಕೆರೆ, ಚನ್ನರಾಯಪಟ್ಟಣ, ಬಿಟ್ಟರೆ ಬೆಂಗಳೂರು. ಹಳೆಯ ಸರ್ವರ್ ಅಮೆರಿಕದಲ್ಲಿತ್ತು. ನಮ್ಮ ಆಫೀಸಿನಿಂದ ಪಿಂಗ್ ಮಾಡಿದರೆ, ಅಂದರೆ ಒಂದು ಸಣ್ಣ ಸಂದೇಶ ಕಳಿಸಿ ನೋಡಿದರೆ, ಅದು ಹೋಗಿ ಬರೋಕೆ 250 ಮಿಲಿಸೆಕೆಂಡು ಮೇಲೆ ತೋರಿಸುತ್ತಿತ್ತು. ಒಂದು ಪುಟ ತೆರೆಯಲು ಇಂಥ ಓಡಾಟ ಹತ್ತಾರು ಸಲ ಆಗಬೇಕು, ಅದಕ್ಕೇ ಸೈಟು ಆಕಳಿಸಿಕೊಂಡು ತೆರೆಯುತ್ತಿತ್ತು. ಹೊಸದರಲ್ಲಿ ಆ ಕಾಯುವಿಕೆ ಇಲ್ಲ. ಫೋಟೋ ಜಾಸ್ತಿ ಇರುವ ಪುಟದಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ, ಅಳೆಯುವ ತಂತ್ರಾಂಶವೇನೂ ಬೇಡ.

ಈಗ ಸ್ಥಳಾಂತರದ ವಿಚಾರ. ಕನ್ನಡ ಸೈಟು ಇಟ್ಟುಕೊಂಡವರು ಇದೊಂದು ಭಾಗವನ್ನಾದರೂ ಪೂರ್ತಿ ಓದಿ.

ಹಳೆ ಕಡೆ ಎಸ್‌ಎಸ್‌ಎಚ್ (ದೂರದಿಂದಲೇ ಸರ್ವರ್‌ಗೆ ಕಮಾಂಡ್ ಕೊಡುವ ದಾರಿ) ಕೊಡುತ್ತಿರಲಿಲ್ಲ. ಬರಹಗಳೆಲ್ಲ ಇರುವ ಡೇಟಾಬೇಸನ್ನು ನೋಡಿಕೊಳ್ಳುವ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಎಕ್ಸ್‌ಪೋರ್ಟ್ ಒತ್ತಿದರೆ ಅರ್ಧಕ್ಕೇ ನಿಂತುಬಿಡುತ್ತಿತ್ತು. ಹೋಸ್ಟಿಂಗ್ ನಿರ್ವಹಿಸುವ ಫಲಕವಾದ ಸಿಪ್ಯಾನೆಲ್‌ನಲ್ಲಿ ‘ರಿಮೋಟ್ ಮೈಎಸ್‌ಕ್ಯೂಎಲ್’ ಅಂತ ಒಂದು ಸೌಲಭ್ಯ ಇದೆ, ಬಹಳ ಜನ ಅದನ್ನು ಗಮನಿಸುವುದೇ ಇಲ್ಲ. ಅಲ್ಲಿ ಹೊಸ ಸರ್ವರ್‌ನ ಐಪಿ (ವಿಳಾಸದ ಸಂಖ್ಯೆ) ಸೇರಿಸಿದರೆ ಹೊಸ ಸರ್ವರ್‌ನಿಂದಲೇ ಹಳೆಯ ಡೇಟಾಬೇಸನ್ನು ನೇರವಾಗಿ ಎಳೆದುಕೊಳ್ಳಬಹುದು. ಫೋಟೋ, ಪಿಡಿಎಫ್‌ಗಳನ್ನು ಎಲ್‌ಎಫ್‌ಟಿಪಿ ಅನ್ನುವ ಉಪಕರಣದಲ್ಲಿ ತಂದೆವು. ಮಧ್ಯೆ ಕನೆಕ್ಷನ್ ಕಡಿದರೂ ಬಿಟ್ಟಲ್ಲಿಂದ ಮುಂದುವರಿಸುತ್ತೆ ಅದು.

ಎಲ್ಲ ತಂದು ಹಾಕಿ ತೆರೆದರೆ ವಿನ್ಯಾಸ ಸರಿಯಿದೆ, ಫೋಟೋ ಸರಿಯಿದೆ, ಕನ್ನಡವೇ ಇಲ್ಲ. ಕನ್ನಡ ಅಕ್ಷರ ಇರಬೇಕಾದ ಕಡೆಯಲ್ಲೆಲ್ಲ ತಲೆ ಮೇಲೆ ಓರೆಗೆರೆ ಎಳೆದ ಇಂಗ್ಲಿಷಿನ ‘ಎ’, ಅದರ ಹೆಗಲ ಮೇಲೆ ಪುಟಾಣಿ 2 ಅಥವಾ 3, ಆಮೇಲೆ ಇನ್ನೇನೋ ಒಂದು ಚಿಹ್ನೆ. ‘ಹಾಸನ’ ಅನ್ನುವ ಕಡೆ ಬರೀ 2, 2, 2, 2. ‘ಬೇಲೂರು’ ಅನ್ನುವ ಕಡೆ 2, 3, 2, 3, 2, 3. ಇದು ಅಡ್ಡಾದಿಡ್ಡಿ ಕಸ ಅಲ್ಲ, ಲೆಕ್ಕ ಇದೆ. ಅಕ್ಷರಗಳನ್ನು ಸಂಖ್ಯೆಗಳಾಗಿ ಇಟ್ಟುಕೊಳ್ಳುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟು. ಮೊದಲನೆಯದು ಎಲ್ಲಕ್ಕೂ ಒಂದೇ, ಎರಡನೆಯದು ಎರಡೇ ಬಗೆ. ಆ ಬೈಟುಗಳನ್ನು ಯಾರಾದರೂ ಲ್ಯಾಟಿನ್-1 (ಯುರೋಪಿನ ಭಾಷೆಗಳ ಹಳೆಯ ಪದ್ಧತಿ) ಅಂತ ಓದಿದರೆ ಮೊದಲನೆಯದು ಓರೆಗೆರೆಯ ‘ಎ’ ಆಗುತ್ತೆ, ಎರಡನೆಯದು ಪುಟಾಣಿ 2 ಅಥವಾ 3. ವ್ಯಂಜನಗಳೆಲ್ಲ 2ರ ಪಾಲಿಗೆ, ಕೊಂಬು, ಏತ್ವ, ಒತ್ತಕ್ಷರದ ಹಲಂತ ಇವೆಲ್ಲ 3ರ ಪಾಲಿಗೆ. ಈ ಮಾದರಿ ಕಣ್ಣಿಗೆ ಬಿತ್ತು ಅಂದರೆ ಸಮಾಧಾನ ಪಟ್ಟುಕೊಳ್ಳಿ, ನಿಮ್ಮ ಅಕ್ಷರ ಎಲ್ಲೂ ಹೋಗಿಲ್ಲ. ಪ್ರಶ್ನಾರ್ಥಕ ಚಿಹ್ನೆಗಳು ಸಾಲುಗಟ್ಟಿ ಕಂಡರೆ ಮಾತ್ರ ಹೆದರಬೇಕು, ಅಲ್ಲಿ ಅಕ್ಷರ ನಿಜಕ್ಕೂ ಅಳಿಸಿಹೋಗಿರುತ್ತೆ.

ಆಗಿದ್ದೇನೆಂದರೆ, ಡೇಟಾಬೇಸ್ ನಡೆಸುವ ತಂತ್ರಾಂಶವಾದ ಮೈಎಸ್‌ಕ್ಯೂಎಲ್‌ನ ಹಳೆಯ ಆವೃತ್ತಿಗಳಲ್ಲಿ ತಾನಾಗಿ ಇರುತ್ತಿದ್ದ ಅಕ್ಷರಸಂಕೇತ ಲ್ಯಾಟಿನ್-1. ಅದು ಯುಟಿಎಫ್-8ಎಂಬಿ4 (ಯುಟಿಎಫ್-8ರ ಪೂರ್ಣ ರೂಪ) ಆಗಿದ್ದು 8.0 ಆವೃತ್ತಿಯಲ್ಲಿ. ನಮ್ಮ ಸೈಟನ್ನು ಮೊದಲು ನಿಲ್ಲಿಸಿದವರು ಸಂರಚನೆಯ ಕಡತದಲ್ಲಿ ಡಿಬಿ ಕ್ಯಾರ್‌ಸೆಟ್ (ಯಾವ ಅಕ್ಷರಸಂಕೇತ ಅಂತ ಹೇಳುವ) ಸಾಲನ್ನು ಖಾಲಿ ಬಿಟ್ಟಿದ್ದರು. ಹಾಗಾಗಿ ಲ್ಯಾಟಿನ್-1 ಅನ್ನುವ ಹಣೆಪಟ್ಟಿಯ ಟೇಬಲ್ಲಿನೊಳಗೆ ಕನ್ನಡದ ಬೈಟುಗಳು ಕೂತಿದ್ದವು. ಇಡುವಾಗಲೂ ತಪ್ಪು ಹೆಸರು, ತೆಗೆಯುವಾಗಲೂ ಅದೇ ತಪ್ಪು ಹೆಸರು, ಎರಡೂ ಒಂದಕ್ಕೊಂದು ವಜಾ ಆಗಿ ಇಷ್ಟು ವರ್ಷ ಸರಿಯಾಗೇ ಕಾಣುತ್ತಿತ್ತು. ಹೊಸ ಸರ್ವರ್ ಪ್ರಾಮಾಣಿಕವಾಗಿ ಲ್ಯಾಟಿನ್‌ನಿಂದ ಯುಟಿಎಫ್‌ಗೆ ಪರಿವರ್ತಿಸಿತು, ಅಲ್ಲಿಗೆ ಕಥೆ ಮುಗೀತು.

ಔಷಧಿ ಇದೆ. ಡಂಪ್ (ಡೇಟಾಬೇಸಿನ ಪೂರ್ತಿ ನಕಲು) ತೆಗೆಯುವಾಗ ಡೀಫಾಲ್ಟ್ ಕ್ಯಾರೆಕ್ಟರ್ ಸೆಟ್ ಲ್ಯಾಟಿನ್-1 ಅಂತಲೇ ಕೊಡಿ, ಜೊತೆಗೆ ಸ್ಕಿಪ್ ಸೆಟ್ ಕ್ಯಾರ್‌ಸೆಟ್ ಆಯ್ಕೆಯನ್ನೂ ಸೇರಿಸಿ. ಆಗ ಬೈಟುಗಳು ಇದ್ದ ಹಾಗೇ ಹೊರಗೆ ಬರುತ್ತವೆ. ಬಂದ ಕಡತವನ್ನು ಎಡಿಟರ್‌ನಲ್ಲಿ ತೆರೆದರೆ ಕನ್ನಡ ಕನ್ನಡವಾಗೇ ಕಾಣಬೇಕು. ಕಂಡರೆ, ಟೇಬಲ್ ರಚನೆಯ ಸಾಲುಗಳಲ್ಲಿ ಲ್ಯಾಟಿನ್-1 ಇರುವ ಕಡೆ ಯುಟಿಎಫ್-8ಎಂಬಿ4 ಅಂತ ಬದಲಿಸಿ, ಅದೇ ಸಂಕೇತದಲ್ಲಿ ಇಂಪೋರ್ಟ್ ಮಾಡಿ. ಸಂರಚನೆಯ ಕಡತದಲ್ಲಿ ಖಾಲಿ ಬಿಟ್ಟಿದ್ದ ಸಾಲನ್ನೂ ತುಂಬಿ. ಒಂದೇ ಕ್ಲಿಕ್ಕಿನಲ್ಲಿ ಸೈಟು ಸಾಗಿಸುತ್ತೇವೆ ಅನ್ನುವ ಪ್ಲಗಿನ್‌ಗಳು ಇಷ್ಟೆಲ್ಲ ವಿಚಾರಿಸಲಿಕ್ಕೆ ಹೋಗೋದಿಲ್ಲ. ಹಣೆಪಟ್ಟಿಯನ್ನೇ ನಂಬುತ್ತವೆ.

ನುಡಿ ಫಾಂಟಿನ ಕಾಲದ ಕೆಲವು ಬರಹ ನಮ್ಮಲ್ಲಿ ಇವತ್ತಿಗೂ ಗೋಜಲಾಗೇ ಇವೆ. ಅದು ಬೇರೆ ರೋಗ. ಯಾವ ಹೋಸ್ಟಿಂಗ್‌ಗೆ ಹೋದರೂ ವಾಸಿಯಾಗಲ್ಲ, ಯುನಿಕೋಡ್‌ಗೆ ಪರಿವರ್ತಿಸಿಕೊಂಡೇ ತೀರಬೇಕು.

ಡೊಮೇನ್ ಹೆಸರನ್ನು ಹೊಸ ಕಂಪನಿಗೆ ವರ್ಗ ಮಾಡಬೇಕಾ ಅಂತ ಸುಮಾರು ಜನ ಕೇಳುತ್ತಾರೆ. ಬೇಡ. ಹೆಸರು ಎಲ್ಲಿ ಕೊಂಡಿದ್ದೀರೋ ಅಲ್ಲೇ ಇರಲಿ, ಹೆಸರಿಗೆ ಐಪಿ ಜೋಡಿಸುವ ಡಿಎನ್‌ಎಸ್‌ನಲ್ಲಿ ಎ ರೆಕಾರ್ಡನ್ನು (ಸೈಟಿನ ವಿಳಾಸದ ಸಾಲು) ಹೊಸ ಐಪಿಗೆ ತಿರುಗಿಸಿದರೆ ಆಯ್ತು. ಅದಕ್ಕೆ ಒಂದು ದಿನ ಮೊದಲೇ ಟಿಟಿಎಲ್ (ಹಳೆಯ ವಿಳಾಸವನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು ಅನ್ನುವ ಅವಧಿ) ಇಳಿಸಿಡಿ. ನಮ್ಮದು 14400 ಸೆಕೆಂಡು ಇತ್ತು, ಅಂದರೆ ನಾಲ್ಕು ಗಂಟೆ ಹೊತ್ತು ಜನ ಹಳೆಯ ಸರ್ವರ್‌ಗೇ ಹೋಗುತ್ತಿರಬಹುದು. 300ಕ್ಕೆ ಇಳಿಸಿದ್ದರಿಂದ ಐದು ನಿಮಿಷದ ಆಸುಪಾಸಿನಲ್ಲಿ ಬಹುತೇಕ ಎಲ್ಲರೂ ಹೊಸ ಕಡೆ ಬಂದರು. ತಿರುಗಿಸುವ ಮುಂಚೆ ನಿಮ್ಮ ಕಂಪ್ಯೂಟರಿನ ಹೋಸ್ಟ್ಸ್ ಕಡತದಲ್ಲಿ ಮಾತ್ರ ಹೊಸ ಐಪಿ ಬರೆದುಕೊಂಡರೆ, ಲೋಕಕ್ಕೆಲ್ಲ ಹಳೇ ಸೈಟು, ನಿಮಗೊಬ್ಬರಿಗೆ ಹೊಸದು. ಮುಖಪುಟ ನೋಡಿ ಖುಷಿಪಡಬೇಡಿ. ಹಳೆಯ ವರ್ಷದ ಪುಟ, ಓದುಗರ ಕಾಮೆಂಟು, ಪಕ್ಕದ ಪಟ್ಟಿ, ಹುಡುಕು ಪೆಟ್ಟಿಗೆ, ಎಲ್ಲ ಒತ್ತಿ ನೋಡಿ. ನಮ್ಮಲ್ಲಿ ಹಳೆಯ ಸ್ಲೈಡರ್ ಪ್ಲಗಿನ್ ಒಂದು ವರ್ಡ್‌ಪ್ರೆಸ್‌ನ ಭಾಷೆಯಾದ ಪಿಎಚ್‌ಪಿ 8.1ರಲ್ಲಿ ನಡೆಯಲೇ ಇಲ್ಲ, ಅದು ಗೊತ್ತಾಗಿದ್ದು ಹೀಗೆ. ಹಳೇ ಕಡೆ ಇದ್ದದ್ದು 7.4, ಅದಕ್ಕೆ 2022ರ ನವೆಂಬರಿನಲ್ಲೇ ಬೆಂಬಲ ನಿಂತಿತ್ತು.

ಮೇಲ್ ವಿಚಾರ ಮರೆಯೋ ಹಾಗಿಲ್ಲ. ಸಕಲೇಶಪುರದ ಕಡೆ ಹೋಂಸ್ಟೇ ನಡೆಸುವ ಪರಿಚಯದವರೊಬ್ಬರು ಡಿಎನ್‌ಎಸ್ ಇಟ್ಟುಕೊಳ್ಳುವ ನೇಮ್‌ಸರ್ವರನ್ನೇ ಬದಲಿಸಿದರು, ಮೇಲ್ ಎಲ್ಲಿಗೆ ಬರಬೇಕು ಅಂತ ಹೇಳುವ ಎಂಎಕ್ಸ್ ರೆಕಾರ್ಡು ಹೊಸದಕ್ಕೆ ಬರಲಿಲ್ಲ. ಸೈಟು ಚೆನ್ನಾಗಿ ತೆರೆಯುತ್ತಿತ್ತು, ಬುಕಿಂಗ್ ಮೇಲ್‌ಗಳು ಮಾತ್ರ ಬರುತ್ತಿರಲಿಲ್ಲ. ಮಳೆ ಜೋರಿದೆ, ಜನ ಬರ್ತಿಲ್ಲ ಅಂದುಕೊಂಡು ಸುಮ್ಮನಿದ್ದರಂತೆ. ನಾವು ಮೊದಲೇ ಮೇಲ್ ಪೆಟ್ಟಿಗೆಗಳನ್ನು ಜೋಹೋ ಅನ್ನುವ ಮೇಲ್ ಸೇವೆಗೆ ಸಾಗಿಸಿ, ಜಾಹೀರಾತಿನವರ ಮೇಲ್ ಅಲ್ಲಿಗೆ ಬರುವುದು ಖಾತ್ರಿಯಾದ ಮೇಲೆ ಸೈಟಿಗೆ ಕೈ ಹಾಕಿದ್ದು. ಪತ್ರಿಕೆ ಅಚ್ಚಿಗೆ ಹೋದ ರಾತ್ರಿ ಎ ರೆಕಾರ್ಡು ತಿರುಗಿಸಿದೆವು. ಆ ಹೊತ್ತಲ್ಲಿ ಯಾರೂ ಹೊಸ ಸುದ್ದಿ ಹಾಕಬಾರದು ಅಂತ ವರದಿಗಾರರಿಗೆ ಮೊದಲೇ ಹೇಳಿತ್ತು.

ಇಷ್ಟು ಸ್ಥಳಾಂತರದ್ದು. ಆಮೇಲಿನ ಬಾಳಿಕೆ ಹೇಗಿದೆ?

ಮೊದಲ ಪರೀಕ್ಷೆ ಹೇಳದೆ ಕೇಳದೆ ಬಂತು. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಮ್ಮಲ್ಲಿ ಎಂದೋ ಬರೆದಿದ್ದ ಬೇಲೂರಿನ ಲೇಖನಮಾಲೆಗೆ ಒಮ್ಮೆಲೇ ಜನ ನುಗ್ಗಿದರು. ಸರ್ವರ್ ಅಲುಗಾಡಲಿಲ್ಲ. ಪುಟಗಳನ್ನು ಬಡಿಸುವ ತಂತ್ರಾಂಶವಾದ ಎನ್‌ಜಿನ್‌ಎಕ್ಸ್‌ನ ಕ್ಯಾಶ್ (ಸಿದ್ಧ ಪುಟದ ನಕಲು) ಹಾಕಿಟ್ಟಿದ್ದರಿಂದ ಅದೇ ಪುಟವನ್ನು ಎಷ್ಟು ಜನ ಕೇಳಿದರೂ ಡೇಟಾಬೇಸ್‌ವರೆಗೆ ಹೋಗೋ ಪ್ರಮೇಯವೇ ಇರಲಿಲ್ಲ.

ಹಾಸನಾಂಬೆಗೆ ಬೇರೆ ತಯಾರಿ ಬೇಕು, ಯಾಕೆಂದರೆ ಸಾಲಿನ ಸುದ್ದಿ ಗಳಿಗೆ ಗಳಿಗೆಗೂ ಬದಲಾಗುತ್ತೆ, ಕ್ಯಾಶ್ ಬಹಳ ಹೊತ್ತು ಇಡೋಕಾಗಲ್ಲ. ಮಾಮೂಲಿ ದಿನಗಳಲ್ಲಿ ನಮ್ಮದು 1 ಜಿಬಿ ರ‍್ಯಾಮಿನ ಡ್ರಾಪ್ಲೆಟ್ (ಇವರು ಸರ್ವರಿಗೆ ಇಟ್ಟ ಹೆಸರು ಅದು), ತಿಂಗಳಿಗೆ 6 ಡಾಲರ್. ಬಾಗಿಲು ತೆರೆಯುವ ಹಿಂದಿನ ರಾತ್ರಿ ಅದನ್ನು ಆಫ್ ಮಾಡಿ 2 ಜಿಬಿಗೆ ಏರಿಸುತ್ತೇವೆ. ಕೆಲವು ನಿಮಿಷದ ಕೆಲಸ. ಬಲಿಪಾಡ್ಯಮಿ ಕಳೆದ ಮೇಲೆ ಮತ್ತೆ 1ಕ್ಕೆ ಇಳಿಸುತ್ತೇವೆ. ಹೆಚ್ಚಿನ ದುಡ್ಡು ಅಷ್ಟು ದಿನಕ್ಕೆ ಮಾತ್ರ. ಏರಿಸುವಾಗ ‘ಸಿಪಿಯು ಮತ್ತು ರ‍್ಯಾಮ್ ಮಾತ್ರ’ ಅನ್ನುವ ಆಯ್ಕೆಯನ್ನೇ ಒತ್ತಬೇಕು. ಡಿಸ್ಕನ್ನೂ ಹಿಗ್ಗಿಸಿದರೆ ಆಮೇಲೆ ಕುಗ್ಗಿಸೋಕೆ ಬರಲ್ಲ, ದೊಡ್ಡ ಬಿಲ್ಲೇ ಕಾಯಂ. ನನಗೆ ಈ ಸೇವೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೊಂದು ಸೌಲಭ್ಯ. ಮೂರು ಉತ್ಸವದಲ್ಲೂ ಸೈಟು ನಿಂತಿಲ್ಲ. ಹಾಗಂತ ಸಾಲಿನ ಮಧ್ಯೆ ನಿಂತವರ ಮೊಬೈಲಿಗೆ ಸಿಗ್ನಲ್ಲೇ ಸಿಗದಿದ್ದರೆ ಯಾವ ಸರ್ವರ್ ಏನು ಮಾಡೀತು? ಆ ದಿನಗಳಲ್ಲಿ ಮುಖಪುಟದಿಂದ ಫೋಟೋಗಳನ್ನೆಲ್ಲ ತೆಗೆದು ಬರೀ ಅಕ್ಷರ ಇಡುತ್ತೇವೆ.

ಖರ್ಚು ಹೇಳಿಬಿಡುತ್ತೇನೆ. 6 ಡಾಲರ್ ಮೇಲೆ ವಾರಕ್ಕೊಮ್ಮೆಯ ಬ್ಯಾಕಪ್ ಬೇಕೆಂದರೆ ಶೇ. 20 ಜಾಸ್ತಿ, ಎಲ್ಲದರ ಮೇಲೆ ಶೇ. 18 ಜಿಎಸ್‌ಟಿ. ನಮ್ಮ ಕೈಯಿಂದ ತಿಂಗಳಿಗೆ ಏಳುನೂರು ಚಿಲ್ಲರೆ ರೂಪಾಯಿ ಹೋಗುತ್ತೆ. ಬಿಲ್ ಡಾಲರಿನಲ್ಲಿ ಬರುವುದರಿಂದ ಪ್ರತಿ ತಿಂಗಳೂ ಮೊತ್ತ ಒಂಚೂರು ಬೇರೆ. ಇದನ್ನು ಸಂಪಾದಕರಿಗೆ ಒಪ್ಪಿಸುವುದೇ ನನಗೆ ಸ್ಥಳಾಂತರಕ್ಕಿಂತ ಕಷ್ಟವಾದ ಕೆಲಸ. ‘ಹೋದ ತಿಂಗಳಿಗಿಂತ ಹನ್ನೊಂದು ರೂಪಾಯಿ ಜಾಸ್ತಿ ಯಾಕಪ್ಪಾ?’ ಅಂತ ಕೇಳುತ್ತಾರೆ.

ಹಿಡಿಸದೇ ಇರುವವೂ ಇವೆ. ಸರ್ವರ್ ಆಫ್ ಮಾಡಿಟ್ಟರೂ ಬಿಲ್ ಓಡುತ್ತಲೇ ಇರುತ್ತೆ, ಅಳಿಸಿದರೆ ಮಾತ್ರ ನಿಲ್ಲುತ್ತೆ. ಮೇಲ್ ಕಳಿಸುವ 25, 465, 587 ಪೋರ್ಟುಗಳು (ಸರ್ವರಿನ ಬಾಗಿಲುಗಳು) ಮೊದಲಿಂದಲೇ ಮುಚ್ಚಿರುತ್ತವೆ. ಸ್ಪ್ಯಾಮ್ ತಡೆಯೋಕೆ ಹಾಗೆ ಮಾಡಿದ್ದಾರೆ, ಸರಿಯೇ, ಆದರೆ ವರ್ಡ್‌ಪ್ರೆಸ್‌ನಿಂದ ಪಾಸ್‌ವರ್ಡ್ ಬದಲಾವಣೆಯ ಮೇಲ್ ಕೂಡ ಹೊರಡೋದಿಲ್ಲ. ಎಪಿಐ (ತಂತ್ರಾಂಶಗಳು ಒಂದಕ್ಕೊಂದು ಮಾತಾಡಿಕೊಳ್ಳುವ ದಾರಿ) ಮೂಲಕ ಮೇಲ್ ಕಳಿಸುವ ಬೇರೆ ಸೇವೆಯೊಂದನ್ನು ಜೋಡಿಸಿಕೊಳ್ಳಬೇಕು. ಸಿಪ್ಯಾನೆಲ್ ಇಲ್ಲ. ಟಿಕೆಟ್ ಹಾಕಿ ಇಂಗ್ಲಿಷಿನಲ್ಲಿ ವಿವರಿಸಬೇಕು, ಫೋನ್ ಮಾಡಿ ‘ನೋಡಿ ಸ್ವಾಮಿ, ಸೈಟ್ ಬರ್ತಿಲ್ಲ’ ಅನ್ನೋ ಹಾಗಿಲ್ಲ. ಟಿಕೆಟ್ಟಿಗೆ ಉತ್ತರಿಸುವವರೂ ಸರ್ವರ್ ಓಡುತ್ತಿದೆಯಾ ಅಂತ ನೋಡುತ್ತಾರೆಯೇ ಹೊರತು ನಿಮ್ಮ ವರ್ಡ್‌ಪ್ರೆಸ್ ಒಳಗೆ ಕೈ ಹಾಕುವುದು ಅವರ ಕೆಲಸ ಅಲ್ಲ.

ಟರ್ಮಿನಲ್‌ಗೆ ಹೆದರದವರು ಬೇಕು ಅಂತ ಮೊದಲೇ ಹೇಳಿದ್ದು ಅದಕ್ಕೇ. ಡ್ರಾಪ್ಲೆಟ್ ಹುಟ್ಟಿದ ಸ್ವಲ್ಪ ಹೊತ್ತಿಗೇ ಲಾಗ್ ತೆರೆದು ನೋಡಿದರೆ ಯಾರ‍್ಯಾರೋ ರೂಟ್ (ಸರ್ವರಿನ ಯಜಮಾನನ ಖಾತೆ) ಹೆಸರಲ್ಲಿ ಬಾಗಿಲು ತಟ್ಟುತ್ತಿರುತ್ತಾರೆ. ಪಾಸ್‌ವರ್ಡ್ ಲಾಗಿನ್ ಬಂದ್ ಮಾಡಿ ಕೀ (ಡಿಜಿಟಲ್ ಬೀಗದಕೈ) ಮಾತ್ರ ಇಡುವುದು, ಭದ್ರತಾ ಅಪ್‌ಡೇಟ್ ತಾನಾಗಿ ಆಗುವಂತೆ ಮಾಡುವುದು, ಲೆಟ್ಸ್ ಎನ್‌ಕ್ರಿಪ್ಟ್‌ನ 90 ದಿನದ ಪ್ರಮಾಣಪತ್ರ (ಸೈಟು ಸುರಕ್ಷಿತ ಅಂತ ಬ್ರೌಸರಿಗೆ ತೋರಿಸುವಂಥದ್ದು) ಸರ್ಟ್‌ಬಾಟ್ ತಂತ್ರಾಂಶದಿಂದ ನವೀಕರಣ ಆಗುತ್ತಿದೆಯಾ ಅಂತ ಕಣ್ಣಿಡುವುದು, ಎಲ್ಲ ನಿಮ್ಮದೇ ಪಾಡು. ವಾರದ ಬ್ಯಾಕಪ್ ಸುದ್ದಿ ಸೈಟಿಗೆ ಸಾಲದು, ಹಾಗಾಗಿ ಪ್ರತಿ ರಾತ್ರಿ ಡೇಟಾಬೇಸಿನ ಡಂಪು ಸಾಲಗಾಮೆ ರಸ್ತೆಯ ನಮ್ಮ ಆಫೀಸಿನ ಕಂಪ್ಯೂಟರಿಗೆ ಬರುತ್ತೆ. ಕರೆಂಟ್ ಇಲ್ಲದ ರಾತ್ರಿ ಬರಲ್ಲ, ಮಾರನೇ ದಿನ ಬರುತ್ತೆ. ಆ ಡಂಪಿನಿಂದ ಬೇರೊಂದು ಡ್ರಾಪ್ಲೆಟ್‌ನಲ್ಲಿ ಸೈಟು ಎಬ್ಬಿಸಿ ನೋಡಿ, ಅಳಿಸಿಯೂ ಆಗಿದೆ. ಆ ಪ್ರಯೋಗಕ್ಕೆ ಬಿದ್ದ ಖರ್ಚು ಒಂದು ಟೀ ದುಡ್ಡೂ ಇಲ್ಲ.

ನಮ್ಮ ಸರ್ವರ್‌ನಲ್ಲಿರುವ ಉಬುಂಟು 22.04 ಕಾರ್ಯಾಚರಣಾ ವ್ಯವಸ್ಥೆಗೆ 2027ರ ಏಪ್ರಿಲ್‌ವರೆಗೆ ಬೆಂಬಲ ಇದೆ. ಅಷ್ಟರೊಳಗೆ ಹೊಸ ಡ್ರಾಪ್ಲೆಟ್ ಎಬ್ಬಿಸಿ ಇನ್ನೊಮ್ಮೆ ಸಾಮಾನು ಸಾಗಿಸಬೇಕು. ಈ ಸಲ ಹಳೇದೂ ನಮ್ಮದೇ, ಹೊಸದೂ ನಮ್ಮದೇ, ಎಸ್‌ಎಸ್‌ಎಚ್ ಎರಡೂ ಕಡೆ ಇದೆ, ಟೇಬಲ್‌ಗಳೆಲ್ಲ ಯುಟಿಎಫ್-8ಎಂಬಿ4. ಮಳೆಗಾಲದಲ್ಲಿ ಜಾಹೀರಾತು ಕಡಿಮೆ ಇರುವ ವಾರ ನೋಡಿ ಕೈ ಹಾಕುವ ಯೋಚನೆ.